ಕೊಡ ಇಳಿಸಿ ಹೇಳಿದ ಒಡಪು

ಇವತ್ತು ಚನ್ನಗಿರಿಯ ಕಾಲೇಜಿನಲ್ಲಿ ನನ್ನ ಮೊಮ್ಮಗಳು ಮತ್ತವಳ ಗೆಳತಿಯರು ಪಾಠದ ಪ್ರಯೋಗಕ್ಕೆಂದು ಒಂಟಿ ಕಾಲಲ್ಲಿ ನಿಂತು ನೂರರಿಂದ ಹಿಂದಕ್ಕೆ ಎಣಿಸುತ್ತಿದ್ದರು. ಎಲ್ಲರೂ ವಾಲಾಡಿದರು. ತಲೆಗೆ ಕೆಲಸ ಕೊಟ್ಟರೆ ಮೈ ಹಿಡಿತ ತಪ್ಪುತ್ತದಂತೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಅದನ್ನು ಎಷ್ಟೋ ವರ್ಷದ ಹಿಂದೆಯೇ ತೋರಿಸಿದ್ದು ನಮ್ಮ ಅತ್ತಿಗೆ, ಬಸವರಾಜಣ್ಣನ ಹೆಂಡತಿ.

ನಮ್ಮೂರು ಸೊಕ್ಕೆಯ ಬಾವಿ ಮೆಟ್ಟಿಲು ಸದಾ ಜಾರುತ್ತಿತ್ತು. ಹೊಸ ಸೊಸೆ ತುಂಬಿದ ಕೊಡ ಹೊತ್ತು ಹತ್ತುವಾಗಲೇ ಹೆಂಗಸರು ಅಡ್ಡಗಟ್ಟಿ, ಪ್ರಾಸ ಕಟ್ಟಿ ಗಂಡನ ಹೆಸರು ಹೇಳುವ ಒಡಪು ಕೇಳುತ್ತಿದ್ದರು. ಪ್ರಾಸ ಹುಡುಕುತ್ತಾ ಎಷ್ಟೋ ಸೊಸೆಯರು ಕೊಡ ಒಡೆದುಕೊಂಡು ನಗೆಪಾಟಲಾಗಿದ್ದರು.

ಹೊಸದಾಗಿ ಬಂದ ಅತ್ತಿಗೆಯೂ ಒಡಪು ಹೇಳಲು ಬಾಯಿ ತೆರೆದಳು. ಕೊಡ ವಾಲಿ ನೀರು ಕೆನ್ನೆಗಿಳಿಯಿತು. ತಟ್ಟನೆ ನಿಂತಳು.

"ಮೊದ್ಲು ನೀರು, ಆಮ್ಯಾಲೆ ಒಡಪು. ದಾರಿ ಬಿಡ್ರಿ."

"ಬರಲ್ಲ ಅಂತ ಹೇಳವ್ವ, ಬಿಂಕ ಯಾಕೆ?" ಎಂದು ಎಲ್ಲರೂ ನಕ್ಕರು.

ಅವಳು ಮನೆಗೆ ನಡೆದು, ಕೊಡ ಇಳಿಸಿ, ಸೆರಗು ಸಿಕ್ಕಿಸಿಕೊಂಡು ಬಾವಿಗೆ ವಾಪಸ್ಸು ಬಂದಳು.

"ನೆತ್ತಿ ಮ್ಯಾಲಿನ ನೀರು ಅತ್ತೆ ಮನಿ ಸೇರ್ತು, ಬಸವರಾಜರ ಹೆಸರು ನಿಮ್ಮ ಕಿವಿ ಸೇರ್ತು. ಸಾಕೇನ್ರಿ?"

ನಕ್ಕವರೇ ಚಪ್ಪಾಳೆ ಹೊಡೆದರು. ಆಮೇಲೆ ನಮ್ಮೂರಲ್ಲಿ ತಲೆ ಮೇಲೆ ಕೊಡವಿದ್ದ ಸೊಸೆಯನ್ನು ಯಾರೂ ಅಡ್ಡಗಟ್ಟಲಿಲ್ಲ.

ಅತ್ತಿಗೆಗೆ ಈಗ ಎಂಬತ್ತು ದಾಟಿದೆ. ಕಾಲೇಜಿನವರು ಇವತ್ತು ಕಲಿಯುವುದನ್ನು ಅಂದೇ ಕಂಡುಕೊಂಡ ಆಕೆ ನಮ್ಮ ಮನೆಯ ಸೊಸೆ, ತಿಳಿದಿರಲಿ.