ಇಬ್ಬರ ಪ್ರಶ್ನೆಗೆ ಒಂದೇ ಹೂವು

ಮೂಗಿನ ಹೊಳ್ಳೆಗಳಷ್ಟೇ ಕಾಣುವಂತೆ ನನ್ನನ್ನು ನಾನೇ ತೆಗೆದುಕೊಂಡ ಫೋಟೋ ಒಂದನ್ನು ಮೊನ್ನೆ ಫೋನಿನಿಂದ ಅಳಿಸಲು ಹೋದರೆ, ಅದು ಬಹಳ ಮರ್ಯಾದೆಯಿಂದ 'ಖಚಿತವೇ?' ಎಂದು ಕೇಳಿತು. ಬೆರಳು ಗಾಳಿಯಲ್ಲೇ ನಿಂತುಬಿಟ್ಟಿತು. ಈಚೆಗಷ್ಟೇ ಟೈಪು ಮಾಡಲು ಕಲಿತ ಈ ಬೆರಳು ತಪ್ಪು ಅಕ್ಷರಗಳನ್ನು ಹಿಂದೆಮುಂದೆ ನೋಡದೆ ಒತ್ತುತ್ತದೆ, ಆದರೆ ಆ ಒಂದು ಪ್ರಶ್ನೆಗೆ ಹೂಂ ಅನ್ನಲು ನಡುಗುತ್ತದೆ. ನಗಬೇಡಿ. ಬದುಕಿನ ದೊಡ್ಡ ವಿಷಯವೊಂದಕ್ಕೆ ಎದೆ ತಟ್ಟಿಕೊಂಡು 'ಖಚಿತ' ಎಂದವರು ನಿಮ್ಮ ಪೈಕಿ ಯಾರಾದರೂ ಇದ್ದರೆ ವಿಳಾಸ ಕೊಡಿ, ಬಂದು ಕಾಲಿಗೆ ಬೀಳುತ್ತೇನೆ. ನಾನಂತೂ ಆ ಪ್ರಶ್ನೆಯನ್ನು ದೇವರ ತಲೆಗೆ ಕಟ್ಟಿ ತಪ್ಪಿಸಿಕೊಳ್ಳಲು ನೋಡಿದವಳು. ದೇವರು ನನಗಿಂತ ಜಾಣ, ಅವನೂ ತಪ್ಪಿಸಿಕೊಂಡ.

ಅರವತ್ತರ ದಶಕದ ಮಾತು. ನನ್ನ ಯಜಮಾನರು ಶಿಡ್ಲಘಟ್ಟದ ಒಂದು ಕಚೇರಿಯಲ್ಲಿ ಗುಮಾಸ್ತರು. ನಾನು ಅದೇ ಊರಿನಲ್ಲಿ ಒಬ್ಬ ಸಾಹುಕಾರರ ಬಿತ್ತನೆ ಕೋಠಿಯಲ್ಲಿ, ಅಂದರೆ ರೇಷ್ಮೆಹುಳುವಿನ ಮೊಟ್ಟೆ ತಯಾರಿಸಿ ರೈತರಿಗೆ ಮಾರುವ ಕಡೆ, ಕೆಲಸಕ್ಕಿದ್ದೆ. ಕೆಲಸ ಕೇಳುವುದಕ್ಕೆ ಸುಲಭ. ಹಾಳೆಯ ಮೇಲೆ ಸುತ್ತುಗೆರೆಗಳು, ಒಂದೊಂದಕ್ಕೂ ಒಂದು ನಂಬರು, ಒಂದೊಂದರಲ್ಲೂ ಒಂದು ತಾಯಿಚಿಟ್ಟೆಯ ಮೊಟ್ಟೆ. ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು, ಆ ರಸದ ಒಂದು ಹನಿಯನ್ನು ಗಾಜಿನ ಮೇಲಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಅಕ್ಕಿನುಚ್ಚಿನಂತೆ ಹೊಳೆಯುವ ಕಾಳುಗಳು ಕಂಡರೆ ತಾಯಿಗೆ ಗಂಟುರೋಗ, ಅದು ಮೊಟ್ಟೆಗೂ ಇಳಿದಿರುತ್ತದೆ. ಅವಳ ನಂಬರಿನ ಸುತ್ತನ್ನು ಕತ್ತರಿಸಿ ಬೆಂಕಿಗೆ ಹಾಕಬೇಕು. ಕಾಣದಿದ್ದರೆ ಮೊಟ್ಟೆ ರೈತರ ಮನೆಗೆ. ಕಂಡದ್ದಕ್ಕೆ ಬೆಂಕಿಯಾದರೂ ಸಾಕ್ಷಿಯಿತ್ತು. ಇದ್ದೂ ಕಾಣದೆ ಹೋದದ್ದಕ್ಕೆ ಸಾಕ್ಷಿ ಯಾರು?

ಎರಡು ವರ್ಷ ಈ ಪ್ರಶ್ನೆ ನನ್ನನ್ನು ಕಾಡಲಿಲ್ಲ. ಒಂದು ದಿನ ಪೆರೇಸಂದ್ರದ ಕಡೆಯ ಒಬ್ಬ ಹೆಂಗಸು ಮೊರದಲ್ಲಿ ಹುಳುಗಳನ್ನು ಹೊತ್ತು ಕೋಠಿಯ ಬಾಗಿಲಿಗೆ ಬಂದಳು. ಒಂದೇ ದಿನ ಹುಟ್ಟಿದ ಹುಳುಗಳು, ಆದರೆ ಒಂದು ಬೆರಳಿನಷ್ಟು, ಇನ್ನೊಂದು ಅಕ್ಕಿಕಾಳಿನಷ್ಟು. ಮೈಮೇಲೆಲ್ಲ ಮೆಣಸಿನಪುಡಿ ಉದುರಿಸಿದ ಹಾಗೆ ಚುಕ್ಕಿ, ಗಂಟುರೋಗದ್ದೇ. ಅವಳು ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. ಅವಳು ಮೊರ ಕೆಳಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, "ನಿನ್ ಕಣ್ಣು ಸರಿಯಾಗ್ ಕಾಣಿಸ್ತವಾ ತಾಯಿ?" ಎಂದು ಕೇಳಿದಳು. ಕೋಪವಿಲ್ಲ, ವ್ಯಂಗ್ಯವಿಲ್ಲ, ಕಾಣಿಸದಿದ್ದರೆ ಯಾವುದೋ ಸೊಪ್ಪಿನ ರಸ ಹೇಳಿಕೊಡುವವಳ ಹಾಗೆ.

ಅವಳು ಕೊಂಡೊಯ್ದಿದ್ದ ಮೊಟ್ಟೆಯ ಹಾಳೆ ನಾನು ನೋಡಿದ್ದೋ, ಜೊತೆಯವರು ನೋಡಿದ್ದೋ, ರೋಗ ಅವಳ ಮನೆಯ ಹುಳು ಸಾಕುವ ತಟ್ಟೆಗಳಲ್ಲೇ ಉಳಿದಿತ್ತೋ ಯಾರಿಗೂ ತಿಳಿಯಲಿಲ್ಲ. ತಿಳಿಯದ್ದೇ ವಿಷವಾಯಿತು. ಅಂದಿನಿಂದ ಪ್ರತಿ ಗಾಜನ್ನೂ ಮೂರು ಸಲ ನೋಡತೊಡಗಿದೆ. ಅನ್ನ ತಟ್ಟೆಗೆ ಬಿದ್ದರೆ ಕಾಳು ಹೊಳೆಯುತ್ತಿವೆಯೇ ಎಂದು ಬಗ್ಗುತ್ತಿದ್ದೆ. ಅತ್ತೆ ಒಂದು ದಿನ ಕೇಳಿಯೇಬಿಟ್ಟರು, "ಏಮೇ, ನಾನ್ ಮಾಡಿದ್ ಅನ್ನದಲ್ಲಿ ಕಲ್ಲು ಹುಡುಕ್ತಿದೀಯಾ?"

ಹೀಗಿರುವಾಗ ಚಿಂತಾಮಣಿಯ ಹೆಣ್ಣುಮಕ್ಕಳ ಶಾಲೆಯೊಂದರಿಂದ ಕಾಗದ ಬಂತು. ಎಂದೋ ಹಾಕಿ ಮರೆತಿದ್ದ ಅರ್ಜಿಗೆ ಉತ್ತರ: ಮುಂದಿನ ಸೋಮವಾರ ಬಂದು ಮೇಡಂ ಆಗಿ ಸೇರಿಕೊಳ್ಳಿ. ಪುಟ್ಟ ರೈಲಿನಲ್ಲಿ ಹೋಗಿ ಬರಬಹುದು. ಓದಿದ ಕ್ಷಣ ಕುಣಿಯಬೇಕಿತ್ತು; ನಾನು ಕಾಗದವನ್ನು ಅಕ್ಕಿಡಬ್ಬದ ಕೆಳಗಿಟ್ಟು ಅದರ ಮೇಲೆ ಕುಳಿತೆ. ಇಲ್ಲಿರಲು ಭಯ, ಹೋಗಲೂ ಭಯ. ನಲವತ್ತು ಮಕ್ಕಳು ಒಟ್ಟಿಗೆ ಮುಖ ನೋಡಿದರೆ ನನಗೆ ಮಾತು ಬರುತ್ತದೆಯೇ? ಮಗುವಿನ ಒಳಗಿನ ರೋಗ ನೋಡಲು ಗಾಜೂ ಇಲ್ಲವಲ್ಲ! ಅಲ್ಲಿ ಆಗಲಿಲ್ಲವೆಂದು ಮರಳಿದರೆ ಇಲ್ಲಿ ಜಾಗವಿಲ್ಲವೆಂದು ಸಾಹುಕಾರರು ಮೊದಲೇ ಹೇಳಿದ್ದರು.

ಯಜಮಾನರನ್ನು ಕೇಳಿದೆ. ಅವರು ಕನ್ನಡಕ ಒರೆಸಿಕೊಂಡು, "ನಿನ್ನಿಷ್ಟ ಕಣೇ" ಎಂದರು. ಗಂಡಸರ ಬಾಯಲ್ಲಿ ಇಷ್ಟು ಉದಾರವಾದ, ಇಷ್ಟು ಕೈಗೆಟುಕದ ಮಾತು ಇನ್ನೊಂದಿಲ್ಲ. ಇಷ್ಟ ಯಾವುದೆಂದು ಗೊತ್ತಿದ್ದರೆ ಇವರನ್ನೇಕೆ ಕೇಳುತ್ತಿದ್ದೆ?

ಆಗ ಅತ್ತೆ ದಾರಿ ತೋರಿಸಿದರು. "ಶನಿವಾರ ಆಂಜನೇಯನ ಗುಡೀಲಿ ಹೂವು ಕೇಳಣ ನಡಿ. ಬಲಗಡೆ ಕೊಟ್ರೆ ಹೂಂ, ಎಡಗಡೆ ಕೊಟ್ರೆ ಊಹೂಂ. ಮುಗೀತು ನಿನ್ ಪುರಾಣ." ನಮ್ಮ ಕಡೆ ಹೆಣ್ಣು ತರುವುದಕ್ಕೆ, ಬಾವಿ ತೋಡುವುದಕ್ಕೆ ಹೀಗೇ ಕೇಳುತ್ತಾರೆ. ಪೂಜಾರಿ ದೇವರ ಎರಡೂ ಭುಜಕ್ಕೆ ಒದ್ದೆ ಹೂವು ಅಂಟಿಸುತ್ತಾರೆ; ಯಾವ ಕಡೆಯದು ಮೊದಲು ಬೀಳುತ್ತದೋ ಅದೇ ಉತ್ತರ. ಕೇಳುವವರು ಬಾಯಿ ಬಿಡದೆ ಮನಸ್ಸಿನಲ್ಲೇ ಕೇಳಿಕೊಳ್ಳಬೇಕು.

ಕಣ್ಣು ಮುಚ್ಚಿ 'ಹೋಗಲೇ?' ಎಂದು ಕೇಳಿಕೊಂಡೆ. ಪಕ್ಕದಲ್ಲಿ ಅತ್ತೆಯ ಬಳೆ ಸಣ್ಣಗೆ ಸದ್ದು ಮಾಡುತ್ತಿತ್ತು. ಹೂವು ಬಿತ್ತು. "ಬಲಗಡೆ ಕೊಟ್ಟವ್ನೆ ಸ್ವಾಮಿ!" ಎಂದರು ಪೂಜಾರಿ. ಅತ್ತೆಯೂ ನಾನೂ ಒಟ್ಟಿಗೆ ಅಡ್ಡಬಿದ್ದೆವು. ಮದುವೆಯಾದ ಮೇಲೆ ನಾವಿಬ್ಬರೂ ಒಂದೇ ವಿಷಯಕ್ಕೆ ಒಟ್ಟಿಗೆ ಸಂತೋಷಪಟ್ಟದ್ದು ಅದೇ ಮೊದಲು ಎಂದುಕೊಂಡೆ.

ಗುಡಿಯ ಮೆಟ್ಟಿಲಿಳಿಯುತ್ತಾ ಅತ್ತೆ ಅಂದರು, "ನೋಡ್ದೇನೇ, ಇಲ್ಲೇ ಇರು ಅಂದ್ಬಿಟ್ಟ."

"ಅದ್ಹೇಗತ್ತೆ? ಹೋಗು ಅಂದಿದಾನೆ!"

"ನೀನೇನ್ ಕೇಳ್ದೆ?"

"ಹೋಗ್ಲಾ ಅಂತ. ನೀವು?"

"ಇವ್ಳು ಇಲ್ಲೇ ಇರ್ಲಾ ಅಂತ."

ಇಬ್ಬರೂ ಮೆಟ್ಟಿಲ ಮೇಲೇ ನಿಂತೆವು. ನಾನು ತಿರುಗಿ ಓಡಿ ಪೂಜಾರಿಗೆ ವಿಷಯ ಹೇಳಿದರೆ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಒಂದು ಹೂವಿಗೆ ಇಬ್ರು ಎರಡು ಕೇಳಿದ್ರೆ ಅವನಾದ್ರೂ ಏನ್ ಮಾಡ್ಯಾನು ತಾಯಿ? ಮತ್ತೆ ಕೇಳೋ ಹಂಗಿಲ್ಲ. ಕೇಳಿದ್ರೆ ಅವ್ನ ಮಾತು ನಂಬ್ಲಿಲ್ಲ ಅಂದಂಗಾಯ್ತದೆ."

ಮನೆಗೆ ಬಂದು ಬಾಗಿಲು ತೆಗೆಯುವಾಗ ಅತ್ತೆ, ಬೀಗಕ್ಕೆ ಹೇಳುವವರ ಹಾಗೆ, "ದಿನಾ ರೈಲಲ್ಲಿ ಹೋಗ್ತೀಯ. ನೀನು ಬರೋತನಕ ನನ್ ಜೀವ ಬಾಗ್ಲಲ್ಲೇ ಇರ್ತದಲ್ಲಮ್ಮ" ಎಂದರು. ನಾನೊಬ್ಬಳೇ ಹೆದರಿದವಳೆಂದು ತಿಳಿದಿದ್ದೆ. ಹಾಗಾದರೆ ದೇವರಲ್ಲಿ ಹೂವು ಕೇಳಿದ್ದು ನಮ್ಮಿಬ್ಬರ ಭಯಗಳು. ಎರಡಕ್ಕೂ ಅವನು ಹೂಂ ಅಂದಿದ್ದ. ಇನ್ನೊಂದು ವಿಷಯವೂ ಆಗ ಹೊಳೆಯಿತು. 'ಬಲಗಡೆ' ಎಂದಾಗ ನನಗಾದ ಸಂತೋಷದಲ್ಲಿ ಶಾಲೆ ಇರಲಿಲ್ಲ, ಮಕ್ಕಳಿರಲಿಲ್ಲ. ಇನ್ನು ಆ ಹೆಂಗಸು ಮೊರ ಹೊತ್ತು ಬಂದರೆ ಬಾಗಿಲಲ್ಲಿ ನಾನಿರುವುದಿಲ್ಲ ಎನ್ನುವುದಷ್ಟೇ ಇತ್ತು.

ಆದರೂ ಹೊರಡುವುದೆಂದೇ ಅಂದುಕೊಂಡೆ. ಅಂಜಿ ಓಡುವವರಿಗೂ ಒಂದು ರೈಲು ಬೇಕಲ್ಲವೇ? ಭಾನುವಾರ ನಮಗೆ ರಜೆಯಿಲ್ಲ, ಚಿಟ್ಟೆಗಳಿಗೆ ವಾರ ಗೊತ್ತಿಲ್ಲ. ಕೋಠಿಗೆ ಹೋಗಿ ಹೊರಡುವ ವಿಷಯ ಹೇಳಿದ್ದೇ ತಡ, ಸಾಹುಕಾರರು ನನ್ನ ಜಾಗಕ್ಕೆ ಮೊದಲೇ ಗೊತ್ತುಮಾಡಿಟ್ಟಿದ್ದ ಹುಡುಗಿಯನ್ನು ಕರೆಸಿ, ಕೆಲಸ ಕಲಿಯಲೆಂದು ಪಕ್ಕದಲ್ಲಿ ಕೂರಿಸಿದರು. ಸರಸು ಎಂದು ಹೆಸರು, ಹದಿನೆಂಟು ವಯಸ್ಸು, ಚುರುಕು ಕೈ. ನಾನು ಹತ್ತು ಗಾಜು ನೋಡುವಷ್ಟರಲ್ಲಿ ಅವಳು ಮೂವತ್ತು ಮುಗಿಸಿ, ಏನನ್ನೋ ಗುನುಗುತ್ತಾ ಕಾಲು ಕುಣಿಸುತ್ತಿದ್ದಳು.

"ಅಕ್ಕ, ಒಂದನ್ನೇ ಯಾಕ್ ಮೂರ್ಸಲ ನೋಡ್ತೀರಾ?"

"ಭಯ ಕಣಮ್ಮ."

"ಅಯ್ಯೋ, ನಂಗೆ ಭಯಗಿಯ ಏನಿಲ್ಲಕ್ಕ."

ಮುದ್ದಾಗಿಯೇ ಹೇಳಿದಳು, ನನಗೆ ಅದೇ ಭಯವಾಯಿತು. ಅವಳು ಮುಗಿಸಿದ ಮೂವತ್ತು ಗಾಜುಗಳನ್ನು ಎಳೆದುಕೊಂಡು ಒಂದೊಂದಾಗಿ ಮತ್ತೆ ನೋಡತೊಡಗಿದೆ. ಹತ್ತೊಂಬತ್ತನೆಯದು. ಮೊದಲ ಸಲ ಏನೂ ಇಲ್ಲ, ಎರಡನೆಯ ಸಲ ಏನೂ ಇಲ್ಲ. ಗಾಜನ್ನು ಒಂದು ಕೂದಲೆಳೆಯಷ್ಟು ಸರಿಸಿದೆ. ಅಂಚಿನಲ್ಲಿ ನಾಲ್ಕೇ ನಾಲ್ಕು ಕಾಳು, ತಣ್ಣಗೆ ಹೊಳೆಯುತ್ತಿದ್ದವು.

"ಬಾಮ್ಮ ಇಲ್ಲಿ, ನೋಡು" ಎಂದೆ.

ಬಗ್ಗಿ ನೋಡಿದಳು. ಗುನುಗು ನಿಂತಿತು. "ಇದು ಯಾರ್ ಮನೆಗ್ ಹೋಗ್ತಿತ್ತಕ್ಕ?" ಎಂದಳು.

"ಗೊತ್ತಾಗಲ್ಲ" ಎಂದೆ. ಕತ್ತರಿಯನ್ನು ಅವಳ ಕೈಗೇ ಕೊಟ್ಟೆ. ಹತ್ತೊಂಬತ್ತನೆಯ ಸುತ್ತನ್ನು ಅವಳೇ ಕತ್ತರಿಸಿ ಬೆಂಕಿಗೆ ಹಾಕಿದಳು. ಮೂರು ಸಲ ನೋಡಿಸುವ ನನ್ನ ಭಯಕ್ಕೆ ಇಲ್ಲೇ ಕೆಲಸವಿದೆ ಅನಿಸಿತು. ಇನ್ನು ಚಿಂತಾಮಣಿಗೆ ಬರುವುದಿಲ್ಲವೆಂದು ಒಂದು ಕಾರ್ಡು ಬರೆಯಬೇಕು, ಸಾಹುಕಾರರ ಮುಂದೆ ನಿಂತು ಇಬ್ಬರನ್ನೂ ಇಟ್ಟುಕೊಳ್ಳಿ ಎಂದು ಕೇಳಬೇಕು, ಅವರು ಆಗುವುದಿಲ್ಲ ಎಂದರೂ ಎನ್ನಬಹುದು. ಎದ್ದು ಹೋಗಲು ಸೆರಗು ಸಿಕ್ಕಿಸಿಕೊಳ್ಳುವಾಗ ಸರಸು ಇಪ್ಪತ್ತನೆಯ ಗಾಜನ್ನು ತೆಗೆದುಕೊಂಡಳು. ಇಟ್ಟು ನೋಡಿದಳು. ತೆಗೆಯಲು ಕೈ ಚಾಚಿ, ಹಿಂದಕ್ಕೆ ಎಳೆದುಕೊಂಡು, ಮತ್ತೊಮ್ಮೆ ಬಗ್ಗಿದಳು.