ಲಗ್ನಪತ್ರಿಕೆಯ ಎರಡು ಮಗ್ಗುಲು

ಕನ್ನಡ-ತೆಲುಗು ಗಡಿಯ ಜಹೀರಾಬಾದಿನ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ನಾಗರತ್ನಾ ಮತ್ತು ಅವಳ ಗಂಡ ಮೈಲಾರಿ ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿ ನಡೆಸುತ್ತಾರೆ. ಮಶೀನು ಅವನದು, ಕಂಪ್ಯೂಟರ್ ಅವಳದು. ಕುರಿ ಸಾಕುವ ಮನೆತನದ ನಾಗರತ್ನಾ ಊರಿನ ಕಾಲೇಜಿನಲ್ಲಿ ಕಂಪ್ಯೂಟರ್ ಓದಿದವಳು.

ಪತ್ರಿಕೆಯ ವಿನ್ಯಾಸಕ್ಕೆಂದು ದುಬಾರಿ ಸಾಫ್ಟ್‌ವೇರ್ ಕೊಂಡಿದ್ದರು. ಅದರಲ್ಲಿ ಹೂಬಳ್ಳಿ, ಗಣಪತಿ ಎಲ್ಲ ಇದ್ದವು. ಆದರೆ ಇಲ್ಲಿಯ ಪತ್ರಿಕೆಗೆ ಒಂದು ಮಗ್ಗುಲು ಕನ್ನಡ, ಇನ್ನೊಂದು ಮಗ್ಗುಲು ತೆಲುಗು ಬೇಕೆಂಬುದು ಅದನ್ನು ಮಾಡಿದವರಿಗೆ ಹೇಗೆ ಗೊತ್ತಾಗಬೇಕು? ಪ್ರತಿ ಹೆಸರನ್ನೂ ಅವಳು ಎರಡೆರಡು ಸಲ ಟೈಪ್ ಮಾಡುತ್ತಿದ್ದಳು.

ಒಮ್ಮೆ ಕೊಹೀರಿನ ಬಕ್ಕಪ್ಪನ ಮಗನ ಮದುವೆ ಬಂತು. ತೆಲುಗಿನ ಮಗ್ಗುಲಲ್ಲಿ ಬಕ್ಕಪ್ಪ ಹೋಗಿ ಬುಕ್ಕಪ್ಪ ಆಗಿಬಿಟ್ಟಿದ್ದ. ಆತ ನಕ್ಕು ಸುಮ್ಮನಾದ, ಬೀಗರು ಮುನಿದರು. ಪತ್ರಿಕೆಗಳನ್ನೆಲ್ಲ ಮತ್ತೆ ಅಚ್ಚು ಹಾಕಬೇಕಾಯಿತು.

ಆ ವಾರವೇ ನಾಗರತ್ನಾ ಆ ಸಾಫ್ಟ್‌ವೇರಿಗೆ ಜೋಡಿಸುವ ಒಂದು ಚಿಕ್ಕ ಆಡ್-ಆನ್ ಬರೆಯಲು ಕುಳಿತಳು. ಎರಡೂ ಲಿಪಿಗಳು ಅಕ್ಕತಂಗಿಯರ ಹಾಗೆ. ಬಟನ್ ಒತ್ತಿದರೆ ಕನ್ನಡದ ಹೆಸರು ತೆಲುಗಿನಲ್ಲಿ ಮೂಡುವಂತಾಯಿತು. ಅತ್ತೆ ಮೋನಮ್ಮನ ಹೆಸರು, ಓಣಿಯವರ ಹೆಸರು ಎಲ್ಲ ಹಾಕಿ ಹಾಕಿ ನೋಡಿದಳು. ಅದೇ ಖುಷಿಯಲ್ಲಿ ಆ ಆಡ್-ಆನನ್ನು ಅಚ್ಚಿನವರ ವಾಟ್ಸಾಪ್ ಗುಂಪಿಗೂ ಕಳಿಸಿದಳು.

ಮರುವರ್ಷ, ಮದುವೆಗಳ ಸುಗ್ಗಿಯಲ್ಲೇ, ಕಂಪನಿ ಸಾಫ್ಟ್‌ವೇರಿನ ಹೊಸ ಆವೃತ್ತಿ ತಂದಿತು. ತಾಂಡೂರಿನ ಅಚ್ಚಿನವನೊಬ್ಬ ಫೋನ್ ಮಾಡಿದ. ಹೆಸರು ಪೀರಪ್ಪ, ನಾಗರತ್ನಾ ಅವನ ಮುಖ ಕಂಡವಳಲ್ಲ.

“ಅಕ್ಕಾರ, ಹೊಸಾದು ಹಾಕಿದ ಮ್ಯಾಲ ನಿಮ್ಮ ಬಟನ್ ನಡೀವಲ್ದು. ಮತ್ತ ಎರಡೆರಡು ಸಲ ಟೈಪ್ ಮಾಡಾಕ ಕೈ ಒಲ್ಲೆ ಅಂತಾವ.”

ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ಅದನ್ನೇ ಬಿಚ್ಚಿಕೊಂಡು ಕುಳಿತಳು. ಮೈಲಾರಿಗೆ ಸಿಟ್ಟೇನೂ ಬರಲಿಲ್ಲ, ಆದರೆ ಅರ್ಥವೂ ಆಗಲಿಲ್ಲ.

“ಕಂಪನಿಯವ್ರ ಮಾಲಿಗೆ ನೀ ಯಾಕ ದುಡೀತಿ?” ಎಂದ.

ನಾಗರತ್ನಾ ಟೈಪ್ ಮಾಡುತ್ತಲೇ ಹೇಳಿದಳು: “ಮೊದಲ ನನ್ನ ಬ್ಯಾಸರ ಹೋಗ್ಲಿ ಅಂತ ಮಾಡಿದ್ದೆ. ಈಗ ತಾಂಡೂರಿನ್ಯಾಗ ಯಾರೋ ನಾ ಮಾಡಿದ್ದು ನಂಬ್ಕೊಂಡು ಕುಂತಾರ್ರಿ. ನನಗ ಅದು ಚಲೋ ಅನಸ್ತದ.”

ಮೈಲಾರಿ ಚಹಾ ತರಿಸಿ, ಆ ದಿನ ಗಿರಾಕಿಗಳನ್ನು ತಾನೇ ನೋಡಿಕೊಂಡ. ಸಂಜೆಯ ಹೊತ್ತಿಗೆ ಬಟನ್ ಸರಿಹೋಯಿತು.

ಪೀರಪ್ಪ ಸುಮ್ಮನೆ ಕೂರಲಿಲ್ಲ. ತೆಲುಗಿನ ಪತ್ರಿಕೆಯಲ್ಲಿ ವಧುವಿನ ಹೆಸರಿನ ಮೊದಲು ‘ಚಿ.ಸೌ.’ ಬದಲು ‘ಚಿ.ಲ.ಸೌ.’ ಬರಬೇಕೆಂದು ತಿಳಿಸಿದ. ಅವಳು ಅದನ್ನೂ ಸೇರಿಸಿದಳು. ಕೆಲವು ತಿಂಗಳ ಮೇಲೆ ಕಂಪನಿಯವರೇ ಕೇಳಿಕೊಂಡು ಆ ಆಡ್-ಆನನ್ನು ತಮ್ಮ ವೆಬ್‌ಸೈಟಿನಲ್ಲಿ ಹಾಕಿದರು. ಮಾಡಿದವರ ಹೆಸರು ಕೇಳಿದಾಗ ನಾಗರತ್ನಾ ಎರಡು ಹೆಸರು ಬರೆದು ಕೊಟ್ಟಳು, ತನ್ನದು ಮತ್ತು ಪೀರಪ್ಪನದು.

ಈಗ ನಾರಾಯಣಖೇಡದ ಅಚ್ಚಿನವರು ಮರಾಠಿಯೂ ಬೇಕೆನ್ನುತ್ತಿದ್ದಾರೆ. ಮರಾಠಿ ಬಲ್ಲವನು ಮೈಲಾರಿ. ಮಶೀನು ನಿಲ್ಲಿಸಿ ಹೆಂಡತಿಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಮೂಡಿದ ಹೆಸರುಗಳನ್ನು ಗಟ್ಟಿಯಾಗಿ ಓದುತ್ತ ತಪ್ಪು ಹಿಡಿಯುತ್ತಿದ್ದಾನೆ.