ಹೊತ್ತು ಮುಳುಗುವ ಮೊದಲೇ ನಿಲ್ಲುತ್ತಿದ್ದ ಮಗ್ಗ

ಇಳಕಲ್ಲಿನ ನಮ್ಮ ಓಣಿಯಲ್ಲಿ ಎಲ್ಲರ ಮನೆಯ ಮಗ್ಗಗಳೂ ಬಲ್ಬಿನ ಬೆಳಕಿನಲ್ಲಿ ಊಟದ ಹೊತ್ತಿನವರೆಗೆ ಸದ್ದು ಮಾಡುತ್ತಿದ್ದವು. ನಮ್ಮದು ಮಾತ್ರ ಹೊತ್ತು ಮುಳುಗುವ ಮೊದಲೇ ನಿಲ್ಲುತ್ತಿತ್ತು. ಅಜ್ಜ ಶಿವಯೋಗ ಮಂದಿರಕ್ಕೆ ಹೋಗಿ ಬಂದು ಹಿಡಿದ ವ್ರತ ಅದು ಎಂದು ಅವ್ವ ಹೇಳುತ್ತಿದ್ದಳು. ಸಂಜೆ ವಿಭೂತಿ ಹಚ್ಚಿಕೊಂಡು ಕಟ್ಟೆಯ ಮೇಲೆ ಕೂತ ಅಪ್ಪ ಮತ್ತೆ ಏಳುತ್ತಿರಲಿಲ್ಲ. ಚಹಾ ಅವನ ಕೈಗೇ ಹೋಗುತ್ತಿತ್ತು. ಹಗಲಲ್ಲೂ ಕೆಂಪು ನೂಲಿನ ಲಾಳಿ ಬಲಕ್ಕೆ, ಬಿಳಿಯದು ಎಡಕ್ಕೆ ಇಟ್ಟುಕೊಡುವವಳು ಅವ್ವ. ನಾವು ಮುಟ್ಟಿದರೆ ಬೈಗಳು. ಇದೆಲ್ಲ ಭಕ್ತಿ ಎಂದುಕೊಂಡಿದ್ದೆ. ನಿಜಕ್ಕೂ ಹಾಗೆಂದುಕೊಂಡಿದ್ದೆನೋ, ಹಾಗೆಂದುಕೊಳ್ಳುವುದು ಸುಲಭವಾಗಿತ್ತೋ, ಈಗ ಹೇಳಲಾರೆ.

ಎಪ್ಪತ್ತರ ದಶಕದ ಮೊದಲಲ್ಲಿ ನಾನು ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೆ. ರಜೆಗೆ ಬಂದಿದ್ದ ಒಂದು ಮುಸ್ಸಂಜೆ ಹದಿನಾರರ ತಮ್ಮ ಮಗ್ಗದ ಕುಣಿಯೊಳಗೆ ಬಿದ್ದ. ಕಾಲು ಇಳಿಬಿಟ್ಟು ನೇಯಲು ತೋಡಿದ ಆ ಕುಣಿ ಅವನು ಹುಟ್ಟುವ ಮೊದಲಿನಿಂದ ಅಲ್ಲೇ ಇತ್ತು.

"ಕಣ್ಣ ಎಲ್ಲಿಟ್ಟಿದ್ದಿ ಲೇ?" ಎಂದೆ.

"ಇಟ್ಟಲ್ಲೇ ಅದಾವ. ಕಾಣವಲ್ವು."

"ದೀಪಾ ಹಚ್ಚೂಮುಂದ ಹಂಗ ಅನಬಾರದು," ಎಂದು ಅವ್ವ ಅವನ ಬಾಯಿ ಮುಚ್ಚಿಸಿದಳು. ಅಪ್ಪ ಕಟ್ಟೆ ಬಿಟ್ಟು ಏಳಲಿಲ್ಲ.

ಬಾಗಲಕೋಟೆಯ ದವಾಖಾನೆಗೆ ಅಪ್ಪ, ತಮ್ಮ, ನಾನು ಹೋದೆವು. "ಮನ್ಯಾಗ ಮತ್ತ ಯಾರಿಗರ ಹಿಂಗ ಐತೇನು?" ಎಂದು ಡಾಕ್ಟರು ಕೇಳಿದರು. ಇಲ್ಲ ಎಂಬ ಉತ್ತರ ಹೋಯಿತು. ಗುಳಿಗೆ ಬರೆದುಕೊಟ್ಟರು. ವಾಪಸು ಬರುವಾಗ ಅಮೀನಗಡದಲ್ಲಿ ಬಸ್ಸು ನಿಂತಾಗ ಕತ್ತಲಾಗಿತ್ತು. ಕರದಂಟು ಕೊಳ್ಳಲು ಇಳಿದ ಅಪ್ಪ ನನ್ನ ಹೆಗಲ ಮೇಲೆ ಕೈಯಿಟ್ಟ. ತಮ್ಮ ಅಪ್ಪನ ಅಂಗಿ ಹಿಡಿದ. ಹಾಗೇ ಮೂವರೂ ಅಂಗಡಿಯವರೆಗೆ ನಡೆದೆವು.

ಆ ದಿನದ ನನ್ನ ದಿನಚರಿಯಲ್ಲಿ "ಗುಳಿಗೆ ಕೊಟ್ಟರು. ಕರದಂಟು ತಂದೆವು" ಎಂದಷ್ಟೇ ಇದೆ. ಇಲ್ಲ ಎಂದವನು ಅಪ್ಪ ಎಂದೇ ಬಹಳ ವರ್ಷ ನಂಬಿದ್ದೆ.

ಮದುವೆಯಾಗಿ ಹುನಗುಂದಕ್ಕೆ ಬಂದೆ. ನನ್ನ ಮಗಳಿಗೆ ಏಳು ತುಂಬಿದ ವರ್ಷ, ಒಂದು ಸಂಜೆ ಅವಳು ಎದುರಿಗಿದ್ದ ತಂಬಿಗೆಗೆ ತಡಕಾಡುವುದನ್ನು ಕಂಡೆ. ಮರುದಿನವೇ ತಮ್ಮನಲ್ಲಿಗೆ ಓಡಿದೆ. ಅವನಿಗೆ ಅಷ್ಟರಲ್ಲಿ ಹಗಲೂ ಮಸುಕಾಗಿತ್ತು; ಮಗ್ಗ ಬಿಟ್ಟಿದ್ದ.

"ಅಪ್ಪ ಅವತ್ತ ಖರೆ ಹೇಳಿದ್ರ..." ಎಂದು ಶುರುಮಾಡಿದೆ.

"ಅಪ್ಪ ಬಾಯಿನ ತಗೀಲಿಲ್ಲಬೇ ಯಕ್ಕಾ. ಇಲ್ಲ ಅಂದಾಕಿ ನೀನು. ಅದೂ 'ನೋ ಸರ್' ಅಂತ! ಕಲತಾಕಿ ಹೇಳಿದ್ದು ಅಂತ ಡಾಕ್ಟರೂ ನಂಬಿದ್ರು."

ಅವನ ನೆನಪು ತಪ್ಪಿರಬಹುದು. ತಪ್ಪೆಂದು ಸಾಧಿಸಲು ನನ್ನಲ್ಲಿ ಏನೂ ಇಲ್ಲ.

"ಹುಡುಗೀನ ದವಾಖಾನಿಗೆ ಒಯ್ಯೂಮುಂದ ನಾನೂ ಬರ್ತೇನಿ," ಎಂದ. "ಈ ಸಲ ಏನ್ ಹೇಳ್ತಿ ಕೇಳಬೇಕಲ್ಲ."

ಬಾಗಲಕೋಟೆಯಲ್ಲಿ ಅದೇ ಪ್ರಶ್ನೆ ಬಂತು. "ಅಜ್ಜಗ ಇತ್ರಿ, ಅಪ್ಪಗ ಐತ್ರಿ, ಇವಗೂ ಐತ್ರಿ," ಎಂದೆ. ಡಾಕ್ಟರು ಮದ್ದಿನ ಭರವಸೆ ಕೊಡಲಿಲ್ಲ. ಮನೆಯವರಿಗೂ ಸಾಲಿಗೂ ತಿಳಿಸಿ, ಹುಡುಗಿಯನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ ಎಂದರು.

ಹೊರಗೆ ಬಂದವಳೇ ಕೈಗಡಿಯಾರ ನೋಡಿದೆ. "ಲಗೂನ ನಡೀರಿ. ಮೂರರ ಬಸ್ಸು ಸಿಕ್ರ ಬೆಳಕಿರೂದ್ರಾಗ ಮನಿ ಮುಟ್ಟತೇವಿ. ನಮ್ಮತ್ತಿ ಕಟ್ಟಿ ಮ್ಯಾಲ ಕುಂತಿರ್ತಾರ, ಈಕಿ ತಡಕಾಡೂದು ನೋಡಬಾರದು."

ತಮ್ಮ ನಿಂತುಬಿಟ್ಟ. "ಕುಂತಿರ್ಲಿ. ಮುಂದಿನ ಬಸ್ಸಿಗೆ ಹೋಗೂಣು."

ಮೂರರ ಬಸ್ಸಿಗೇ ಹೋದೆವು. ಹತ್ತಿಸಿದವಳು ನಾನು. ಇದನ್ನು ಅಂದೇ ಬರೆದಿಟ್ಟಿದ್ದೇನೆ.